ನಾಲ್ಕು ಎಲುಬಿನ ಕಥೆ

(ಅಸೂಟಿಯಲ್ಲಿ ಹೆಣ್ಣುಮಕ್ಕಳ ಓದು ಬಳಗದ ಮುಂದೆ ಆಡಿದ ಮಾತು)



ಹೊಲದ ಕೆಲಸ ಮುಗಿಸಿ, ರೊಟ್ಟಿ ಬಡಿದು, ಮಕ್ಕಳಿಗೆ ಉಣ್ಣಾಕ ನೀಡಿ ಇಲ್ಲಿ ಬಂದು ಕೂತೀರಿ. ನಿಮ್ಮ ಹೊತ್ತಿಗೆ ಬೆಲೆ ಐತಿ. ಅದಕ್ಕ ನಾನು ಸುತ್ತು ಬಳಸಿ ಮಾತಾಡೂದಿಲ್ಲ.

ಇವತ್ತು ಒಂದು ಪ್ರಾಣಿಯ ಕಥೆ ಹೇಳತೀನಿ. ಆ ಪ್ರಾಣಿಯನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ನಮ್ಮ ಅಜ್ಜಿ ನೋಡಿಲ್ಲ. ಅಜ್ಜಿಯ ಅಜ್ಜಿ ನೋಡಿಲ್ಲ. ಮನುಷ್ಯರು ಹುಟ್ಟುವ ಎಷ್ಟೋ ಮೊದಲೇ ಅದು ಅಳಿದು ಹೋಯಿತು. ಅದರ ಇಡೀ ಮೈ ಸಿಕ್ಕಿಲ್ಲ. ಅದಕ್ಕೆ ಹೆಸರಿಟ್ಟಾಗ ಕೈಯಲ್ಲಿ ಇದ್ದದ್ದು ನಾಲ್ಕೇ ಎಲುಬು. ಆದರೂ ಅದು ಮಾಂಸ ತಿನ್ನುವ ಪ್ರಾಣಿ, ಸಣ್ಣ ಮೈಯ ಪ್ರಾಣಿ ಅಂತ ಬಲ್ಲವರು ಹೇಳತಾರ.

"ನಾಲ್ಕು ಎಲುಬು ನೋಡಿ ಅದು ಹ್ಯಾಂಗ ಹೇಳತಾರ?" ಅಂತ ನೀವು ಕೇಳಬೇಕು. ಹಾಗೆ ಕೇಳುವುದೇ ಸರಿ. ಯಾರೋ ಹೇಳಿದರು ಅಂತ ನಂಬುವುದಲ್ಲ. ಹೇಗೆ ಗೊತ್ತಾಯಿತು ಅಂತ ಕೇಳಿ ತಿಳಿಯಬೇಕು.

ಡೈನೋಸಾರ್ ಎಂದರೆ ಏನು?

ನಾನು ಹೇಳುವ ಪ್ರಾಣಿ ಡೈನೋಸಾರ್ ಜಾತಿಗೆ ಸೇರಿದ್ದು. ಈ ಹೆಸರು ನಿಮ್ಮ ಮಕ್ಕಳಿಗೆ ಗೊತ್ತಿರತದ. ಟಿ.ವಿ.ಯಲ್ಲಿ ನೋಡಿರತಾರ. ಬಹಳ ಬಹಳ ಹಿಂದೆ ಭೂಮಿಯ ಮೇಲೆ ಬಾಳಿದ ಪ್ರಾಣಿಗಳ ಒಂದು ದೊಡ್ಡ ಬಳಗ ಅದು. 1842ರಲ್ಲಿ ಇಂಗ್ಲೆಂಡಿನ ರಿಚರ್ಡ್ ಓವೆನ್ ಎಂಬವರು ಆ ಬಳಗಕ್ಕೆ ಈ ಹೆಸರು ಕೊಟ್ಟರು. 'ಭಯಂಕರ ಹಲ್ಲಿ' ಅಂತ ಅದರ ಅರ್ಥ.

ಹೆಸರು ಹಾಗೆ ಇದ್ದರೂ ಎಲ್ಲ ಡೈನೋಸಾರ್‌ಗಳು ಭಯಂಕರ ಆಗಿರಲಿಲ್ಲ. ಕೆಲವು ಆನೆಗಿಂತ ದೊಡ್ಡವು. ಕೆಲವು ಕೋಳಿಯಷ್ಟೇ ಸಣ್ಣವು. ಕೆಲವು ಸೊಪ್ಪು ಮೇಯುತ್ತಿದ್ದವು. ಕೆಲವು ಬೇಟೆ ಆಡುತ್ತಿದ್ದವು. ಅವು ಮೊಟ್ಟೆ ಇಡುತ್ತಿದ್ದವು.

ನಮ್ಮ ಕಥೆಯ ಪ್ರಾಣಿ ಬೇಟೆ ಆಡುವ ಸಣ್ಣ ಗುಂಪಿನದು. ಮೂಗಿನಿಂದ ಬಾಲದ ತುದಿಯವರೆಗೆ ಅದರ ಉದ್ದ ಸುಮಾರು 2 ಮೀಟರ್ ಅಂತ ಅಂದಾಜು. ಮೊಳದ ಲೆಕ್ಕದಲ್ಲಿ ನಾಲ್ಕೂವರೆ ಮೊಳ. ಅದರಲ್ಲಿ ಬಾಲದ ಪಾಲೇ ಬಹಳ. ಎರಡು ಕಾಲಿನ ಮೇಲೆ ಓಡುತ್ತಿತ್ತು. ಅದರ ಹೆಸರು ಲೇವಿಸೂಕಸ್ ಇಂಡಿಕಸ್. ಹೆಸರು ಉಚ್ಚಾರ ಮಾಡಾಕ ತೊಡಕು ಅನ್ನಿಸಬಹುದು. ಬಿಡಿಸಿ ಓದಿದರೆ ಸರಳ. ಲೇ-ವಿ-ಸೂ-ಕಸ್. 'ಹಗುರ ಮೈಯ ಮೊಸಳೆ' ಅಂತ ಅರ್ಥ. ಇಂಡಿಕಸ್ ಅಂದ್ರ 'ಇಂಡಿಯಾದ್ದು'. ಅದು ಮೊಸಳೆ ಅಲ್ಲ. ಹೆಸರಿನಲ್ಲಿ ಮಾತ್ರ ಮೊಸಳೆ.

ಸೀರೆಯ ಲೆಕ್ಕ

ಅದು ಬದುಕಿದ್ದು ಯಾವಾಗ? ಸುಮಾರು 6 ಕೋಟಿ 60 ಲಕ್ಷದಿಂದ 7 ಕೋಟಿ ವರ್ಷಗಳ ಹಿಂದೆ.

ಕೋಟಿ ಅಂದರೆ ನಮ್ಮ ತಲೆಗೆ ಹತ್ತುವುದಿಲ್ಲ. ಅದಕ್ಕ ಸೀರೆಯ ಲೆಕ್ಕ ಹಾಕೋಣ. ನಮ್ಮ ಇಳಕಲ್ಲಿನ ಒಂಬತ್ತು ಗಜದ ಸೀರೆ ಬಿಚ್ಚಿ ಅಂಗಳದಾಗ ಹಾಸ್ರಿ. ಸೀರೆಯ ಒಂದು ತುದಿ ಭೂಮಿ ಹುಟ್ಟಿದ ದಿನ ಅನ್ರಿ. ಅದು ಸುಮಾರು 454 ಕೋಟಿ ವರ್ಷದ ಹಿಂದೆ. ಇನ್ನೊಂದು ತುದಿ, ಸೆರಗಿನ ತುದಿ, ಇವತ್ತಿನ ದಿನ.

ಈಗ ಸೆರಗಿನ ತುದಿಯಿಂದ ಹಿಂದಕ್ಕ ಅಳೆಯೋಣ. ಸುಮಾರು ಒಂದು ಮೊಳ ಹಿಂದಕ್ಕೆ ಹೋದರೆ ಅಲ್ಲಿ ಡೈನೋಸಾರ್‌ಗಳು ಹುಟ್ಟಿದವು. ಅರ್ಧ ಗೇಣು ಉಳಿದಾಗ ಅವು ಅಳಿದವು. ನಮ್ಮ ಲೇವಿಸೂಕಸ್ ಬದುಕಿದ್ದು ಆ ಕೊನೆಗಾಲದಲ್ಲಿ. ಹಂಗಾದ್ರ ಮನುಷ್ಯ ಎಲ್ಲಿ? ಸೆರಗಿನ ಕೊನೆಯ ಒಂದು ನೂಲು. ಅಷ್ಟೇ ನಮ್ಮ ಪಾಲು. ರಾಜರು, ಕೋಟೆಗಳು, ಗುಡಿಗಳು, ನಮ್ಮ ಊರು, ನಮ್ಮ ಮನೆತನ, ಎಲ್ಲಾ ಆ ಒಂದು ನೂಲಿನೊಳಗೇ ಬಂತು.

ಎಲುಬು ಕಲ್ಲಾದದ್ದು ಹೇಗೆ?

ಸತ್ತ ದನದ ಎಲುಬು ಹೊಲದಲ್ಲಿ ಬಿದ್ದರೆ ಏನಾಗತದ? ನಾಯಿ ಎಳೆದಾಡತಾವ. ಬಿಸಿಲು ಮಳೆಗೆ ಒಡೆದು ಪುಡಿ ಆಗತದ. ಕೆಲವು ವರ್ಷಕ್ಕೆ ಗುರುತೂ ಉಳಿಯುವುದಿಲ್ಲ. ಹಂಗಾದ್ರ 6 ಕೋಟಿ ವರ್ಷದ ಎಲುಬು ಹೇಗೆ ಉಳಿಯಿತು?

ಎಲ್ಲವೂ ಉಳಿಯಲಿಲ್ಲ. ಕೆಲವು ಪ್ರಾಣಿಗಳು ಹಳ್ಳದ ದಂಡೆಗೆ, ಕೆರೆಯ ಅಂಚಿಗೆ ಸತ್ತವು. ಅವುಗಳ ಮೇಲೆ ಬೇಗ ಕೆಸರು, ಉಸುಕು ಮುಚ್ಚಿತು. ಗಾಳಿ ತಾಗಲಿಲ್ಲ. ನೀರು ಮಾತ್ರ ಸಣ್ಣಗೆ ಇಳಿಯುತ್ತಾ ಬಂತು. ಬೋರಿನ ಸವಳು ನೀರು ಕಾಯಿಸಿದರೆ ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುವುದು ನಿಮಗೆ ಗೊತ್ತು. ನೀರಿನಲ್ಲಿ ಕರಗಿದ ಸುಣ್ಣ ಅದು. ಹಾಗೆಯೇ ನೆಲದ ನೀರಿನಲ್ಲಿ ಕರಗಿದ ಖನಿಜಗಳು ಎಲುಬಿನ ಸಣ್ಣ ಸಣ್ಣ ತೂತಿನೊಳಗೆ ಸೇರಿ ಗಟ್ಟಿ ಆದವು. ಲಕ್ಷಗಟ್ಟಲೆ ವರ್ಷ ಕಳೆದ ಮೇಲೆ ಎಲುಬು ಕಲ್ಲಾಯಿತು. ಆಕಾರ ಮಾತ್ರ ಎಲುಬಿನದೇ ಉಳಿಯಿತು. ಇಂಥ ಕಲ್ಲಿಗೆ ಪಳೆಯುಳಿಕೆ ಅಂತ ಹೆಸರು. ಪಳೆಯದರ ಉಳಿಕೆ. ಹಳೆಯದರಲ್ಲಿ ಉಳಿದದ್ದು.

ದೊಡ್ಡ ಪ್ರಾಣಿಯ ತೊಡೆಯ ಎಲುಬು ಕಂಬದಂತೆ ಗಟ್ಟಿ. ಅದು ಉಳಿಯುವ ಸಂಭವ ಹೆಚ್ಚು. ಸಣ್ಣ ಪ್ರಾಣಿಯ ಎಲುಬು ತೆಳುವು. ಅದನ್ನು ಬೇರೆ ಪ್ರಾಣಿ ಅಗಿದು ನುಂಗುತ್ತದೆ. ನೀರು ಕೊಚ್ಚಿಕೊಂಡು ಹೋಗಿ ಚೆಲ್ಲಾಪಿಲ್ಲಿ ಮಾಡುತ್ತದೆ. ಅದಕ್ಕೇ ಸಣ್ಣ ಡೈನೋಸಾರ್‌ಗಳು ಇಡಿಯಾಗಿ ಸಿಗುವುದು ಬಹಳ ಕಡಿಮೆ. ಒಂದು ಹಲ್ಲು, ಒಂದು ಉಗುರು, ಬೆನ್ನಿನ ನಾಲ್ಕು ಮಣಿ. ಇಷ್ಟು ಸಿಕ್ಕರೂ ಪುಣ್ಯ.

ಜಬಲಪುರದ ಗುಡ್ಡ

ಮಧ್ಯಪ್ರದೇಶದಲ್ಲಿ ನರ್ಮದಾ ನದಿಯ ಹತ್ತಿರ ಜಬಲಪುರ ಎಂಬ ಊರು ಇದೆ. ಆ ಊರ ಮಗ್ಗುಲಿಗೆ ಬಡಾ ಸಿಮ್ಲಾ ಎಂಬ ಗುಡ್ಡ. 1828ರಲ್ಲಿ ಸ್ಲೀಮನ್ ಎಂಬ ಬ್ರಿಟಿಷ್ ಸೇನಾ ಅಧಿಕಾರಿಗೆ ಜಬಲಪುರದಲ್ಲಿ ಕಲ್ಲಾದ ಎಲುಬುಗಳು ಸಿಕ್ಕವು. ಆಗ ಡೈನೋಸಾರ್ ಎಂಬ ಹೆಸರೇ ಹುಟ್ಟಿರಲಿಲ್ಲ. ಬಹಳ ವರ್ಷದ ಮೇಲೆ, 1877ರಲ್ಲಿ, ಅವು ಸೊಪ್ಪು ತಿನ್ನುವ ಒಂದು ದೊಡ್ಡ ಡೈನೋಸಾರಿನ ಎಲುಬು ಅಂತ ಗುರುತಿಸಿ ಹೆಸರಿಟ್ಟರು. ನಮ್ಮ ದೇಶದಲ್ಲಿ ಸಿಕ್ಕ ಮೊದಲ ಡೈನೋಸಾರ್ ಅದೇ.

ಆಮೇಲೆ 1917ರಿಂದ 1919ರ ನಡುವೆ ಅದೇ ಬಡಾ ಸಿಮ್ಲಾ ಗುಡ್ಡದಲ್ಲಿ ಅಗೆತ ನಡೆಯಿತು. ಅಗೆದವರು ಇಬ್ಬರು. ಒಬ್ಬರು ಚಾರ್ಲ್ಸ್ ಮ್ಯಾಟ್ಲಿ. ಇನ್ನೊಬ್ಬರು ದುರ್ಗಾಶಂಕರ ಭಟ್ಟಾಚಾರ್ಜಿ. ಭಟ್ಟಾಚಾರ್ಜಿಯವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು. ಇದು ನೆಲ, ಕಲ್ಲು, ಖನಿಜಗಳನ್ನು ಪರೀಕ್ಷೆ ಮಾಡುವ ಸರ್ಕಾರದ ಸಂಸ್ಥೆ. 1851ರಲ್ಲಿ ಶುರು ಆಯಿತು. ಕೋಲ್ಕತ್ತದಲ್ಲಿ ಅದರ ಮುಖ್ಯ ಕಚೇರಿ ಇದೆ.

ಆ ಗುಡ್ಡದಲ್ಲಿ ಬಹಳ ಎಲುಬು ಸಿಕ್ಕವು. ಆದರೆ ಕಲಸುಮೇಲೋಗರ. ದೊಡ್ಡವು, ಸಣ್ಣವು, ಒಡೆದವು ಎಲ್ಲಾ ಕೂಡಿ ಬಿದ್ದಿದ್ದವು. ಯಾವುದು ಯಾರದು ಅಂತ ಬೇರ್ಪಡಿಸುವುದೇ ದೊಡ್ಡ ಕೆಲಸ. ಜರ್ಮನಿಯ ವಿದ್ವಾಂಸ ಫ್ರೀಡ್ರಿಕ್ ಫಾನ್ ಹ್ಯೂನೆ ಮತ್ತು ಮ್ಯಾಟ್ಲಿ ಸೇರಿ ಆ ಕೆಲಸ ಮಾಡಿದರು. 1933ರಲ್ಲಿ ಎಲ್ಲವನ್ನೂ ಬರೆದು, ಚಿತ್ರ ಸಹಿತ ಅಚ್ಚು ಮಾಡಿಸಿದರು. ಆ ಪುಸ್ತಕದಲ್ಲಿ ನಮ್ಮ ಲೇವಿಸೂಕಸ್ ಮೊದಲ ಸಲ ಬಂತು. ಅದರ ಎಲುಬು ನಾಲ್ಕು. ಕುತ್ತಿಗೆಯ ಮಣಿ ಮೂರು. ಬೆನ್ನಿನ ಮಣಿ ಒಂದು. ನಮ್ಮ ರೇಷನ್ ಕಾರ್ಡಿಗೆ ನಂಬರು ಇರುವಂತೆ ಆ ಮಣಿಗಳಿಗೂ ನಂಬರು ಕೊಟ್ಟರು. ಒಂದರ ನಂಬರು ಕೆ27/696.

ನಾಲ್ಕು ಮಣಿ ಏನು ಹೇಳುತ್ತವೆ?

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಾಲ್ಕು ಮಣಿ ನೋಡಿ ಪ್ರಾಣಿ ಹೇಗೆ ಗೊತ್ತಾಯಿತು?

ಹಾಳು ಮನೆಯ ಹಿತ್ತಲದಲ್ಲಿ ಗಡಿಗೆಯ ಚೂರು ಬಿದ್ದದ ಅನ್ರಿ. ಅದನ್ನು ಕೈಯಾಗ ತಗೊಂಡ್ರ ನಿಮಗ ಏನೇನು ತಿಳಿಯತದ? ಕಂಠದ ಚೂರು ಆದರೆ, ಅದರ ಬಾಗು ನೋಡಿ ಬಾಯಿ ಎಷ್ಟು ಅಗಲ ಇತ್ತು ಅಂತ ಹೇಳತೀರಿ. ದಪ್ಪ ನೋಡಿ ಇದು ನೀರಿನ ಕೊಡವೋ, ಕಾಳು ತುಂಬುವ ದೊಡ್ಡ ಗಡಿಗೆಯೋ ಅಂತ ಹೇಳತೀರಿ. ಮಸಿ ಹಿಡಿದಿದ್ದರೆ ಒಲೆಯ ಮೇಲೆ ಇಟ್ಟದ್ದು ಅಂತೀರಿ. ಇಡೀ ಗಡಿಗೆ ನೀವು ನೋಡಿಲ್ಲ. ಆದರೂ ಹೇಳತೀರಿ. ಯಾಕಂದ್ರ ನೂರು ಗಡಿಗೆ ನಿಮ್ಮ ಕೈಯಾಗ ಹಾದು ಹೋಗ್ಯಾವ.

ವಿಜ್ಞಾನಿಗಳು ಮಾಡುವುದೂ ಅದನ್ನೇ. ಅವರು ನೂರಾರು ಪ್ರಾಣಿಗಳ ಎಲುಬು ನೋಡಿರುತ್ತಾರೆ. ಮಣಿಯ ಅಳತೆ ನೋಡಿ ಪ್ರಾಣಿಯ ಅಳತೆ ಅಂದಾಜು ಮಾಡುತ್ತಾರೆ. ಮಣಿ ಹಗುರ ಇದೆ, ಹಾಗಾದರೆ ಮೈ ಹಗುರ ಇತ್ತು ಅನ್ನುತ್ತಾರೆ. ಮಣಿಯ ಮೇಲಿನ ಕೋಡು, ಪಕ್ಕದ ತಗ್ಗು ನೋಡಿ, ಇಂಥ ಗುರುತು ಯಾವ ಬಳಗದ ಪ್ರಾಣಿಗೆ ಇರುತ್ತದೆ ಅಂತ ಹೋಲಿಸುತ್ತಾರೆ. ಆ ಬಳಗದವು ಮಾಂಸ ತಿನ್ನುವವು ಆದರೆ ಇದೂ ಮಾಂಸ ತಿನ್ನುವುದೇ ಅಂತ ತೀರ್ಮಾನಕ್ಕೆ ಬರುತ್ತಾರೆ.

ಆದರೆ ಗಡಿಗೆಯ ಚೂರು ಎಲ್ಲವನ್ನೂ ಹೇಳುವುದಿಲ್ಲ. ಆ ಮನೆಯವರು ಹಬ್ಬಕ್ಕೆ ಏನು ಅಡಿಗೆ ಮಾಡಿದ್ದರು ಅಂತ ಚೂರು ಹೇಳೀತೇನು? ಹಾಗೆಯೇ ಲೇವಿಸೂಕಸ್‌ನ ಬಣ್ಣ ಯಾವುದು, ಅದು ಹೇಗೆ ಕೂಗುತ್ತಿತ್ತು, ಮರಿಗಳನ್ನು ಹೇಗೆ ಸಾಕುತ್ತಿತ್ತು, ಇದನ್ನು ಆ ನಾಲ್ಕು ಮಣಿ ಹೇಳುವುದಿಲ್ಲ. ಚಿತ್ರದಲ್ಲಿ ಬಣ್ಣ ಬಳಿದಿರುತ್ತಾರೆ. ಅದು ಚಿತ್ರ ಬರೆದವರ ಊಹೆ. ಎಲುಬು ನೋಡಿ ತಿಳಿದದ್ದು ಬೇರೆ, ಊಹೆ ಬೇರೆ. ಎರಡನ್ನೂ ಕೂಡಿಸಬಾರದು. ಈ ಮಾತು ಬರೀ ಎಲುಬಿಗೆ ಅಲ್ಲ. ಓಣಿಯಲ್ಲಿ ಯಾರದಾದರೂ ಸುದ್ದಿ ಹಬ್ಬಿದಾಗಲೂ ಇದೇ ಮಾತು.

ಕಡಲಾಚೆಯ ಬಳಗ

1933ರಲ್ಲಿ ಹ್ಯೂನೆಯವರು ಲೇವಿಸೂಕಸ್‌ಅನ್ನು ಬೇರೊಂದು ಬಳಗಕ್ಕೆ ಸೇರಿಸಿದ್ದರು. ಅವರ ಮುಂದೆ ಇದ್ದದ್ದು ಅಷ್ಟೇ ಆಧಾರ. ಆಮೇಲೆ ಹೊಸ ಆಧಾರ ಸಿಕ್ಕಿತು. ಎಲ್ಲಿ? ಏಳು ಕಡಲಿನ ಆಚೆ!

1980ರಲ್ಲಿ ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದಲ್ಲಿ ಸಿಕ್ಕ ಒಂದು ಸಣ್ಣ ಬೇಟೆ ಡೈನೋಸಾರಿಗೆ ನೋಆಸಾರಸ್ ಅಂತ ಹೆಸರಿಟ್ಟರು. 2001ರಲ್ಲಿ ಆಫ್ರಿಕದ ಪಕ್ಕದ ಮಡಗಾಸ್ಕರ್ ದ್ವೀಪದಲ್ಲಿ ಸಿಕ್ಕ ಇನ್ನೊಂದಕ್ಕೆ ಮಸಿಯಕಸಾರಸ್ ಅಂತ ಹೆಸರಿಟ್ಟರು. ಈ ಮಡಗಾಸ್ಕರಿನ ಪ್ರಾಣಿಯ ಎಲುಬುಗಳು ಅರ್ಧಕ್ಕಿಂತ ಹೆಚ್ಚು ಸಿಕ್ಕಿವೆ. ಅದರ ಮುಂದಿನ ಹಲ್ಲುಗಳು ಬಾಯಿಂದ ಹೊರಗೆ ಮುಂದಕ್ಕೆ ಚಾಚಿದ್ದವು. ಅದರ ಕುತ್ತಿಗೆಯ ಮಣಿಗೂ ನಮ್ಮ ಜಬಲಪುರದ ಮಣಿಗೂ ಹೋಲಿಕೆ ಕಂಡಿತು. ಅಣ್ಣ-ತಮ್ಮಂದಿರ ಮಕ್ಕಳ ಮುಖದಲ್ಲಿ ಹೋಲಿಕೆ ಇರುವಂತೆ. ಆಗ ಲೇವಿಸೂಕಸ್ ಈ ಬಳಗದ್ದು ಅಂತ ತಿಳಿಯಿತು. ಹೊಸ ಆಧಾರ ಬಂದಾಗ ಹಳೆಯ ತೀರ್ಮಾನ ತಿದ್ದಿದರು. ತಿದ್ದಿಕೊಳ್ಳುವುದು ವಿಜ್ಞಾನದಲ್ಲಿ ಅವಮಾನ ಅಲ್ಲ.

ಆದರೆ ಇನ್ನೊಂದು ಪ್ರಶ್ನೆ. ನಡುವೆ ಇಷ್ಟು ದೊಡ್ಡ ಕಡಲು ಇದೆ. ಒಂದೇ ಬಳಗದ ಪ್ರಾಣಿಗಳು ಅಲ್ಲೂ ಇಲ್ಲೂ ಹೇಗೆ ಬಂದವು? ಈಜಿ ಬಂದವೇ?

ಇಲ್ಲ. ನೆಲವೇ ಸರಿದಿದೆ. ಒಂದು ಕಾಲಕ್ಕೆ ಭಾರತ, ಮಡಗಾಸ್ಕರ್, ಆಫ್ರಿಕ, ದಕ್ಷಿಣ ಅಮೆರಿಕ ಎಲ್ಲಾ ಕೂಡಿಯೇ ಇದ್ದವು. ಒಟ್ಟು ಕುಟುಂಬ ಇದ್ದಂಗ. ಆ ಕೂಡುನೆಲಕ್ಕೆ ಗೊಂಡ್ವಾನ ಅಂತ ಹೆಸರು. ನಮ್ಮ ದೇಶದ ಗೊಂಡ ಜನರ ಸೀಮೆಯಿಂದ ಬಂದ ಹೆಸರು ಅದು. ಆಮೇಲೆ ಪಾಲು ಆಯಿತು. ಒಂದೊಂದೇ ತುಂಡು ಬೇರೆ ಆಗಿ ಸರಿಯಿತು. ಭಾರತವೂ ಮಡಗಾಸ್ಕರವೂ ಬೇರೆ ಆದದ್ದು ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದೆ. ಭಾರತ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಒತ್ತಿತು. ಆ ಒತ್ತಡಕ್ಕೆ ಹಿಮಾಲಯ ಎದ್ದಿತು. ಪಾಲು ಆಗುವ ಮೊದಲೇ ಈ ಬಳಗದ ಹಿರಿಯರು ಕೂಡುನೆಲದಲ್ಲಿ ತಿರುಗಾಡಿದ್ದರು. ಪಾಲಿನ ಮೇಲೆ ಅವರ ಸಂತಾನ ಒಂದೊಂದು ಕಡೆ ಉಳಿಯಿತು. ನಾಲ್ಕು ಸಣ್ಣ ಮಣಿ ಭೂಮಿ ಸರಿದ ಕಥೆಗೂ ಸಾಕ್ಷಿ ಹೇಳುತ್ತವೆ.

ಎಲುಬು ಕಳೆದವು, ಬರಹ ಉಳಿಯಿತು

ಈಗ ನಾನು ಹೇಳುವ ಮಾತು ಮನಸ್ಸಿಟ್ಟು ಕೇಳ್ರಿ.

ಜಬಲಪುರದ ಆ ಅಗೆತದಲ್ಲಿ ಸಿಕ್ಕ ಎಷ್ಟೋ ಎಲುಬುಗಳು ಮುಂದೆ ಕಾಣದಾದವು. ಜಾಗ ಬದಲಾಯಿತು. ನೋಡಿಕೊಳ್ಳುವವರು ಬದಲಾದರು. ಎಲ್ಲೋ ಇಟ್ಟದ್ದು ಎಲ್ಲೋ ಆಯಿತು. ನಮ್ಮ ಲೇವಿಸೂಕಸ್‌ನ ಮಣಿಗಳಲ್ಲೂ ಕೆಲವು ಹುಡುಕಿದಾಗ ಸಿಗಲಿಲ್ಲ. ಮೊದಲೇ ನಾಲ್ಕು. ಅದರಲ್ಲೂ ಕಳೆದರೆ ಏನು ಉಳಿಯಿತು?

ಬರಹ ಉಳಿಯಿತು. 1933ರಲ್ಲಿ ಬರೆದ ಪುಸ್ತಕ ಉಳಿಯಿತು. ಎಲುಬು ಎಷ್ಟು ಉದ್ದ, ಎಷ್ಟು ಅಗಲ, ಯಾವ ಗುಡ್ಡದಲ್ಲಿ, ಯಾವ ಪದರದಲ್ಲಿ ಸಿಕ್ಕಿತು, ನಂಬರು ಏನು, ಆಕಾರ ಹೇಗೆ, ಎಲ್ಲಾ ಅದರಲ್ಲಿ ಇದೆ. ಚಿತ್ರಗಳೂ ಇವೆ. ಮಡಗಾಸ್ಕರಿನ ಎಲುಬು ಸಿಕ್ಕಾಗ ವಿಜ್ಞಾನಿಗಳು ಆ ಬರಹ, ಆ ಚಿತ್ರ ಮುಂದಿಟ್ಟುಕೊಂಡು ಹೋಲಿಸಿದರು.

ಇನ್ನೂ ಒಂದು ಸಂಗತಿ ಇದೆ. 1828ರಲ್ಲಿ ಸಿಕ್ಕಿತು ಅಂದೆನಲ್ಲ, ನಮ್ಮ ದೇಶದ ಮೊದಲ ಡೈನೋಸಾರ್, ಅದರ ಎಲುಬೂ ಬಹಳ ಕಾಲ ಕಾಣೆ ಆಗಿತ್ತು. ಅದು ಕಳೆದೇ ಹೋಯಿತು ಅಂತ ಎಲ್ಲರೂ ತಿಳಿದಿದ್ದರು. 2012ರಲ್ಲಿ ಧನಂಜಯ ಮೊಹಬೆ ಮತ್ತು ಅವರ ಜೊತೆಯವರು ಕೋಲ್ಕತ್ತದ ಸಂಗ್ರಹದಲ್ಲಿ ಅದನ್ನು ಮತ್ತೆ ಹುಡುಕಿ ತೆಗೆದರು. ಹಳೆಯ ಬರಹ ಇಲ್ಲದಿದ್ದರೆ ಇದು ಅದೇ ಎಲುಬು ಅಂತ ಗುರುತು ಹಿಡಿಯುವುದು ಹೇಗೆ ಆಗುತ್ತಿತ್ತು? ಆಮೇಲೆ ಮೊಹಬೆಯವರು ಮತ್ತು ನಾಗಪುರದ ವಿಜ್ಞಾನಿ ಬಂದನಾ ಸಾಮಂತ್ ಅವರು ಬೇರೆಯವರ ಜೊತೆ ಸೇರಿ, ನಮ್ಮ ದೇಶದ ಸಣ್ಣ ಬೇಟೆ ಡೈನೋಸಾರ್‌ಗಳ ಎಲುಬು, ಬರಹ ಎಲ್ಲವನ್ನೂ ಮತ್ತೆ ಪರೀಕ್ಷೆ ಮಾಡಿದ್ದಾರೆ. ಲೇವಿಸೂಕಸ್‌ನ ಬಳಗಕ್ಕೆ ಸೇರಿದ ಪ್ರಾಣಿಯ ತಲೆಯ ಎಲುಬಿನ ಚೂರುಗಳನ್ನೂ ವಿವರಿಸಿದ್ದಾರೆ. ಕಥೆ ಇನ್ನೂ ಮುಗಿದಿಲ್ಲ.

ಇದರಿಂದ ನಮಗೇನು ಅಂತ ಕೇಳೀರಿ. ನಮ್ಮ ಮನೆಯಲ್ಲೂ ಹೀಗೇ ಅಲ್ಲವೇ? ಹೊಲದ ಉತಾರ, ಮಗುವಿನ ಜನನ ಪತ್ರ, ಸಂಘಕ್ಕೆ ಕಟ್ಟಿದ ಹಣದ ಪುಸ್ತಕ, ಬಂಗಾರ ಅಡವು ಇಟ್ಟ ಚೀಟಿ. ವಸ್ತು ಕೈ ತಪ್ಪಬಹುದು. ಬಾಯಿಮಾತು ಮರೆತು ಹೋಗಬಹುದು. ಸಾಕ್ಷಿ ಹೇಳುವವರು ಸತ್ತು ಹೋಗಬಹುದು. ಆದರೆ ತಾರೀಖು ಹಾಕಿ, ಜಾಗ ಬರೆದು, ನಂಬರು ಹಾಕಿ ಇಟ್ಟ ಕಾಗದ ಹತ್ತು ವರ್ಷದ ಮೇಲೂ ನಿಮ್ಮ ಪರವಾಗಿ ಮಾತಾಡುತ್ತದೆ. ಅದನ್ನು ಓದಲು ಈಗ ನಿಮಗೆ ಬರುತ್ತದೆ. ಬೇರೆಯವರ ಕೈಗೆ ಕೊಟ್ಟು "ಏನು ಬರದದ ನೋಡಪ್ಪಾ" ಅಂತ ಕೇಳುವ ಕಾಲ ಹೋಯಿತು.

ಅರೆಯುವ ಕಲ್ಲು, ದೇವರ ಕಲ್ಲು

ಗುಜರಾತಿನ ಬಾಲಾಸಿನೋರ ಹತ್ತಿರ ರಾಹಿಯೋಲಿ ಎಂಬ ಹಳ್ಳಿ ಇದೆ. ಅಲ್ಲಿ 1980ರ ದಶಕದಲ್ಲಿ ಡೈನೋಸಾರ್‌ಗಳ ಎಲುಬು, ಮೊಟ್ಟೆ ರಾಶಿ ರಾಶಿ ಸಿಕ್ಕವು. ಮಾಂಸ ತಿನ್ನುವ ದೊಡ್ಡ ಡೈನೋಸಾರ್ ರಾಜಾಸಾರಸ್‌ನ ಎಲುಬು ಸಿಕ್ಕಿದ್ದೂ ಅಲ್ಲೇ. ಆ ಭಾಗದ ಒಬ್ಬ ಅಜ್ಜಿ ಗುಂಡನೆಯ ಕಲ್ಲಿನಿಂದ ದಿನಾ ಮಸಾಲೆ ಅರೆಯುತ್ತಿದ್ದಳಂತೆ. ಆ ಕಲ್ಲು ಡೈನೋಸಾರಿನ ಮೊಟ್ಟೆ! ಬಾಲಾಸಿನೋರ ರಾಜಮನೆತನದ ಆಲಿಯಾ ಸುಲ್ತಾನಾ ಬಾಬಿ ಎಂಬ ಹೆಣ್ಣುಮಗಳು ಅದನ್ನು ಗುರುತಿಸಿದರು. ಊರ ಜನರಿಗೆ ತಿಳಿಸಿ ಹೇಳಿ ಆ ಜಾಗ ಕಾಪಾಡಲು ಅವರು ವರ್ಷಗಟ್ಟಲೆ ಓಡಾಡಿದರು. 2019ರಲ್ಲಿ ಅಲ್ಲಿ ಡೈನೋಸಾರ್ ವಸ್ತು ಸಂಗ್ರಹಾಲಯ ತೆರೆಯಿತು.

ಮಧ್ಯಪ್ರದೇಶದ ಧಾರ ಜಿಲ್ಲೆಯಲ್ಲಿ ಪಾಡಲ್ಯಾ ಎಂಬ ಹಳ್ಳಿ. ಅಲ್ಲಿಯ ರೈತರಿಗೆ ಹೊಲದಲ್ಲಿ ದುಂಡನೆಯ ಕಲ್ಲುಗಳು ಸಿಗುತ್ತಿದ್ದವು. ಹೊಲ ಕಾಯುವ ದೇವರು, ದನಕರು ಕಾಯುವ ದೇವರು ಅಂತ ಅವನ್ನು ಪೂಜೆ ಮಾಡುತ್ತಿದ್ದರು. 2023ರಲ್ಲಿ ಲಖನೌದ ವಿಜ್ಞಾನಿಗಳು ಬಂದು ನೋಡಿದರು. ಅವು ಸೊಪ್ಪು ತಿನ್ನುವ ದೊಡ್ಡ ಡೈನೋಸಾರ್‌ಗಳ ಮೊಟ್ಟೆ ಅಂತ ತಿಳಿಯಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಧಾರ ಜಿಲ್ಲೆಯಲ್ಲಿ 92 ಗೂಡು, 256 ಮೊಟ್ಟೆ ಸಿಕ್ಕ ವಿಷಯ ಬಂದಿದೆ.

ಆ ರೈತರನ್ನು ನೋಡಿ ನಗಬೇಡಿರಿ. ಅವರು ಪೂಜೆ ಮಾಡಿದ್ದಕ್ಕೆ ಆ ಕಲ್ಲು ಒಡೆಯದೆ ಉಳಿದವು. ಆದರೆ ಅವು ಏನು ಅಂತ ತಿಳಿದದ್ದು ಪರೀಕ್ಷೆ ಮಾಡಿದ ಮೇಲೆ. ಕಾಪಾಡುವ ಕೈಯೂ ಬೇಕು, ಕೇಳುವ ಬಾಯಿಯೂ ಬೇಕು.

ನಮ್ಮ ಸೀಮೆಯಲ್ಲಿ ಸಿಗುತ್ತವೆಯೇ?

"ನಮ್ಮ ಅಸೂಟಿ ಹೊಲದಾಗೂ ಸಿಗಬಹುದೇನು?" ಅಂತ ನೀವು ಕೇಳತೀರಿ. ಆಸೆ ತೋರಿಸಿ ಸುಳ್ಳು ಹೇಳೂದಿಲ್ಲ. ಡೈನೋಸಾರ್ ಎಲುಬು ಸಿಗಬೇಕಾದರೆ ಡೈನೋಸಾರ್ ಕಾಲದಲ್ಲಿ ಕೆಸರು ಕೂತು ಕಲ್ಲಾದ ಪದರ ಬೇಕು. ನಮ್ಮ ಸೀಮೆಯ ಕಲ್ಲು ಅದಕ್ಕಿಂತ ಬಹಳ ಹಳೆಯದು.

ಗದಗಿನ ಕಪ್ಪತ್ತಗುಡ್ಡದ ಕಲ್ಲು 250 ಕೋಟಿ ವರ್ಷಕ್ಕಿಂತ ಹಳೆಯದು. ನಮ್ಮ ಸೀರೆಯ ಲೆಕ್ಕದಲ್ಲಿ ನಟ್ಟನಡುವೆ ಮಡಚಿದರೂ ಅದಕ್ಕಿಂತ ಆಚೆ ಹೋಗುತ್ತದೆ. ಬನಶಂಕರಿ ಜಾತ್ರೆಗೆ ಹೋದಾಗ ಬಾದಾಮಿಯ ಕೆಂಪು ಬಂಡೆ ನೋಡಿರತೀರಿ. ಆ ಉಸುಕುಗಲ್ಲು ಎಲುಬಿರುವ ಪ್ರಾಣಿಗಳೇ ಹುಟ್ಟದ ಕಾಲದ್ದು. ಅದರಲ್ಲಿ ಎಲುಬು ಎಲ್ಲಿಂದ ಬರಬೇಕು?

ವಿಜಯಪುರದ ಗೋಲಗುಮ್ಮಟ ಕಟ್ಟಿದ ಕರಿಗಲ್ಲು ಮಾತ್ರ ಡೈನೋಸಾರ್‌ಗಳ ಕೊನೆಗಾಲದ್ದು. ಸುಮಾರು 6 ಕೋಟಿ 60 ಲಕ್ಷ ವರ್ಷದ ಹಿಂದೆ ನೆಲ ಬಿರಿದು ಕಾದ ಕಲ್ಲಿನ ರಸ ಹರಿಯಿತು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರದವರೆಗೆ ಅದು ಹರಡಿದೆ. ಮಹಾರಾಷ್ಟ್ರ ಬಹುಪಾಲು ಅದೇ ಕಲ್ಲು. ಆದರೆ ಕುದಿಯುವ ರಸದಲ್ಲಿ ಎಲುಬು ಉಳಿಯುವುದಿಲ್ಲ.

ಅದೇ ಕಾಲಕ್ಕೆ ಆಕಾಶದಿಂದ ಒಂದು ಬೆಟ್ಟದಂಥ ಬಂಡೆ ಈಗಿನ ಮೆಕ್ಸಿಕೋ ದೇಶದ ಹತ್ತಿರ ಬಿದ್ದಿತು. ಅದರ ಅಗಲ ಸುಮಾರು 10 ಕಿಲೋಮೀಟರ್. ಧೂಳು ಮುಗಿಲು ಮುಚ್ಚಿತು. ಬಿಸಿಲು ಬೀಳಲಿಲ್ಲ. ಹಸಿರು ಒಣಗಿತು. ಮೇಯುವವು ಸತ್ತವು. ಮೇಯುವವನ್ನು ತಿನ್ನುವವೂ ಸತ್ತವು. ಡೈನೋಸಾರ್‌ಗಳ ಕಾಲ ಮುಗಿಯಿತು.

ಎಲುಬು ಇಲ್ಲದಿದ್ದರೇನು, ನಮ್ಮ ಸೀಮೆಯಲ್ಲಿ ಬೇರೆ ಹಳೆಯ ಕಲ್ಲು ಬಹಳ ಇವೆ. ಸೂಡಿಯಲ್ಲಿ, ಲಕ್ಕುಂಡಿಯಲ್ಲಿ ಶಾಸನಗಳು ಇವೆ. ಊರೂರಿಗೆ ವೀರಗಲ್ಲು ಇವೆ. ಒಡೆದ ಶಾಸನದ ಕಲ್ಲನ್ನು ಅರಿವೆ ಒಗೆಯಲು ಹಾಕಿದರೆ, ಮೆಟ್ಟಿಲಿಗೆ ಹಾಕಿದರೆ ಅಕ್ಷರ ಸವೆದು ಹೋಗುತ್ತವೆ. ಆ ಅಜ್ಜಿಯ ಮೊಟ್ಟೆಯ ಹಾಗೆ.

ಓದಿಲ್ಲದ ಮನೆಯ ಹುಡುಗಿ

ಇನ್ನೊಬ್ಬ ಹೆಣ್ಣುಮಗಳ ಮಾತು ಹೇಳಬೇಕು. ಇಂಗ್ಲೆಂಡಿನ ಕಡಲ ದಂಡೆಯ ಲೈಮ್ ರೀಜಿಸ್ ಎಂಬ ಊರು. ಅಲ್ಲಿ 1799ರಲ್ಲಿ ಬಡಿಗರ ಮನೆಯಲ್ಲಿ ಮೇರಿ ಆನಿಂಗ್ ಹುಟ್ಟಿದಳು. ಬಡತನ. ಶಾಲೆಯ ಓದು ಬಹಳ ಕಡಿಮೆ. ಅಪ್ಪ ಬೇಗ ಸತ್ತ. ದಂಡೆಯ ಬಂಡೆಯಲ್ಲಿ ಸಿಗುವ ಪಳೆಯುಳಿಕೆ ಆರಿಸಿ ಮಾರಿ ಆ ಮನೆಯವರು ಹೊಟ್ಟೆ ಹೊರೆದರು. ಹನ್ನೆರಡು-ಹದಿಮೂರು ವರ್ಷ ಆಗುವಾಗಲೇ ಅವಳು ಮತ್ತು ಅವಳ ಅಣ್ಣ ಒಂದು ದೊಡ್ಡ ಕಡಲ ಪ್ರಾಣಿಯ ಪಳೆಯುಳಿಕೆ ಹುಡುಕಿದರು. 1823ರಲ್ಲಿ ಉದ್ದ ಕುತ್ತಿಗೆಯ ಇನ್ನೊಂದು ಕಡಲ ಪ್ರಾಣಿಯನ್ನು ಇಡಿಯಾಗಿ ತೆಗೆದಳು. ತಾನೇ ಓದಿಕೊಂಡಳು. ವಿದ್ವಾಂಸರ ಬರಹಗಳನ್ನು ಕೈಯಿಂದ ನಕಲು ಮಾಡಿ ಇಟ್ಟುಕೊಂಡಳು.

ದೊಡ್ಡ ದೊಡ್ಡ ವಿದ್ವಾಂಸರು ಅವಳ ಹತ್ತಿರ ಬಂದು ಕೇಳಿ ತಿಳಿದರು. ಆದರೆ ಅವರ ಸಭೆಯಲ್ಲಿ ಅವಳಿಗೆ ಜಾಗ ಇರಲಿಲ್ಲ. ಆಗ ಹೆಂಗಸರನ್ನು ಅಲ್ಲಿ ಸೇರಿಸುತ್ತಿರಲಿಲ್ಲ. ಅವಳು ತೆಗೆದ ಎಲುಬಿನ ವಿಷಯ ಬರೆದವರು ಎಷ್ಟೋ ಸಲ ಅವಳ ಹೆಸರನ್ನೇ ಬರೆಯಲಿಲ್ಲ. 1847ರಲ್ಲಿ ಅವಳು ತೀರಿಕೊಂಡಳು. ಇಂದು ಜಗತ್ತು ಅವಳ ಹೆಸರು ಹೇಳುತ್ತದೆ. ಅದಕ್ಕೇ ಹೇಳುವುದು, ಕೆಲಸ ಮಾಡಿದವರ ಹೆಸರು ಬರೆದಿಡಬೇಕು. ನಮ್ಮ ಹೆಸರು ನಾವೇ ಬರೆಯುವಂತೆ ಆಗಬೇಕು.

ಕಟ್ಟಕಡೆಯ ಮಾತು

ಡೈನೋಸಾರ್ ಎಲ್ಲಾ ಅಳಿದವು ಅಂದೆ. ಒಂದು ಕವಲು ಮಾತ್ರ ಅಳಿಯಲಿಲ್ಲ. ಎರಡು ಕಾಲಿನ ಬೇಟೆ ಡೈನೋಸಾರ್‌ಗಳ ದೊಡ್ಡ ಬಳಗದಲ್ಲಿ ಗರಿ ಇದ್ದ ಸಣ್ಣ ಡೈನೋಸಾರ್‌ಗಳ ಒಂದು ಕವಲು ಇತ್ತು. ಅದರಿಂದ ಹಕ್ಕಿಗಳು ಹುಟ್ಟಿದವು. ನಾಳೆ ಬೆಳಗಿನಾಗ ನಿಮ್ಮ ಅಂಗಳದ ಕೋಳಿಯ ಕಾಲು ನೋಡ್ರಿ. ಮೂರು ಬೆರಳು ಮುಂದೆ ಚಾಚಿರತಾವ. ಕಾಲಿನ ಮೇಲೆ ಹಲ್ಲಿಯ ಮೈಯಂಥ ಪೊರೆ ಇರತದ. ಎರಡು ಕಾಲಿನ ಮೇಲೆ ಓಡತದ. ಮೊಟ್ಟೆ ಇಡತದ. ಲೇವಿಸೂಕಸ್ ಅದರ ಅಜ್ಜ ಅಲ್ಲ. ಆದರೆ ಬಹಳ ದೂರದ ದಾಯಾದಿ.

ನಾನು ಹೇಳಿದ್ದರಲ್ಲಿ ಮೂರು ಮಾತು ನೆನಪಿಡ್ರಿ.

ಒಂದು. ವಿಚಿತ್ರ ಕಲ್ಲು, ಅಕ್ಷರದ ಕಲ್ಲು ಕಂಡರೆ ಒಡೆಯಬೇಡಿರಿ, ಮಾರಬೇಡಿರಿ. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಬರೆದಿಡ್ರಿ. ಶಾಲೆಯ ಗುರುಗಳಿಗೆ, ಪಂಚಾಯ್ತಿಗೆ ತಿಳಿಸಿರಿ.

ಎರಡು. ಯಾರು ಏನು ಹೇಳಿದರೂ "ಹೇಗೆ ಗೊತ್ತಾಯಿತು?" ಅಂತ ಕೇಳ್ರಿ. ನನಗೂ ಕೇಳ್ರಿ.

ಮೂರು. ಮುಖ್ಯವಾದದ್ದನ್ನು ತಾರೀಖು ಹಾಕಿ ಬರೆದಿಡ್ರಿ. ಕೋಟ್ಯಂತರ ವರ್ಷದ ಹಿಂದಿನ ಒಂದು ಸಣ್ಣ ಪ್ರಾಣಿಯ ವಿಷಯ ಇವತ್ತು ಅಸೂಟಿಯಲ್ಲಿ ಕೂತು ನಾವು ಮಾತಾಡತೀವಿ ಅಂದ್ರ, ಯಾರೋ ಅಂದು ಬರೆದಿಟ್ಟಿದ್ದಕ್ಕೆ.

 

ಕೂಡಿ ಮಾತಾಡೋಣ

1. ಸಣ್ಣ ಪ್ರಾಣಿಗಳ ಎಲುಬು ಇಡಿಯಾಗಿ ಸಿಗುವುದು ಕಡಿಮೆ. ಯಾಕೆ?
2. ಗಡಿಗೆಯ ಚೂರು ನೋಡಿ ಏನು ಹೇಳಬಹುದು? ಏನು ಹೇಳಲು ಆಗುವುದಿಲ್ಲ?
3. ನಮ್ಮ ಊರಿನಲ್ಲಿ ಹಳೆಯ ಕಲ್ಲು, ಶಾಸನ ಎಲ್ಲಿವೆ? ಈಗ ಯಾವ ಸ್ಥಿತಿಯಲ್ಲಿ ಇವೆ?
4. ನಿಮ್ಮ ಮನೆಯಲ್ಲಿ ಜೋಪಾನ ಮಾಡಬೇಕಾದ ಕಾಗದಗಳು ಯಾವುವು? ಅವುಗಳ ಹೆಸರು ಬರೆಯಿರಿ.